ಚೀಲದಾಗ ಏನು ಬಂತು, ನಿನ್ನೆ ಏನು ಉಳಿಯಿತು: ಯಾವುದಕ್ಕೆ ಯಾವ ಅಡಿಗೆ

ಸಾವಯವ ಕಾಯಿಪಲ್ಯ ಕೊಳ್ಳುವ ಮನೆಯಲ್ಲಿ ಅಡಿಗೆಯ ಲೆಕ್ಕ ತಿರುವುಮುರುವು ಆಗುತ್ತದೆ. ಇವತ್ತು ಎಣ್ಣೆಗಾಯಿ ಎಂದು ಗೊತ್ತುಮಾಡಿಕೊಂಡು ಬದನಿಕಾಯಿ ಹುಡುಕಲು ಹೋದರೆ ಸಿಗುವ ಭರವಸೆ ಇಲ್ಲ. ಶ್ರಾವಣದಲ್ಲಿ ಹೀರಿಕಾಯಿ ರಾಶಿ ಬೀಳುತ್ತದೆ, ಪುಷ್ಯದಲ್ಲಿ ನಾಲ್ಕು ನಮೂನೆಯ ತಪ್ಪಲಪಲ್ಯ (ಸೊಪ್ಪು) ಒಮ್ಮೆಲೇ ಬರುತ್ತದೆ, ಚೈತ್ರದಲ್ಲಿ ಚವಳಿಕಾಯಿ (ಗೋರಿಕಾಯಿ), ಸೌತಿಕಾಯಿ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಹೀಗಾಗಿ ಕಾಯಿಪಲ್ಯ ಮೊದಲು, ಅಡಿಗೆ ಆಮೇಲೆ. ನಿನ್ನೆ ಉಳಿದ ಅನ್ನ, ರೊಟ್ಟಿ, ಬ್ಯಾಳಿಗೂ ಇದೇ ಕ್ರಮ.

ಹಾಗೆ ಗೊತ್ತುಮಾಡುವಾಗ ನೋಡಬೇಕಾದ ಮುಖ್ಯ ಸಂಗತಿ ಒಂದೇ: ಅದರಲ್ಲಿ ನೀರು ಎಷ್ಟಿದೆ. ನೀರು ಹೆಚ್ಚಿದ್ದರೆ ಅದನ್ನು ಹೀರುವ ಜೊತೆ ಬೇಕು, ಅಂದರೆ ಕಡ್ಲಿ ಹಿಟ್ಟು, ಶೇಂಗಾ ಪುಡಿ, ಬ್ಯಾಳಿ ಇಲ್ಲವೇ ನುಚ್ಚು. ನೀರು ಕಡಿಮೆ ಇದ್ದರೆ ಎಣ್ಣೆ, ಮಜ್ಜಿಗೆ ಇಲ್ಲವೇ ಹಬೆ ಬೇಕು. ಹುಳಿ ಇದೆಯೇ, ಎಷ್ಟು ದಿನ ತಡೆಯುತ್ತದೆ ಎಂಬುದು ಎರಡನೆಯ ಮಾತು. ಕೆಳಗಿನ ಹೋಲಿಕೆ ಎಲ್ಲ ಈ ಅಳತೆಯ ಮೇಲೆಯೇ ನಿಂತಿದೆ. ಬಟ್ಟಲು ಎಂದಲ್ಲೆಲ್ಲ 200 ಮಿಲಿಲೀಟರ್ ಹಿಡಿಯುವ ಬಟ್ಟಲು ಎಂದು ತಿಳಿಯಿರಿ.

ಸಾವಯವಕ್ಕೆ ರೊಕ್ಕ ಎಲ್ಲಿ ಕೊಡಬೇಕು

ಮೊದಲು ಒಂದು ಗೊಂದಲ ಬಿಡಿಸೋಣ. ಜವಾರಿ ಬೇರೆ, ಸಾವಯವ ಬೇರೆ. ಜವಾರಿ ಎಂಬುದು ತಳಿಯ ಮಾತು, ಸಾವಯವ ಎಂಬುದು ಬೆಳೆಸಿದ ರೀತಿಯ ಮಾತು. ಜವಾರಿ ಬದನಿಕಾಯಿಗೂ ಔಷಧ ಹೊಡೆದಿರಬಹುದು. ಹೈಬ್ರಿಡ್ ಬೀಜದ ಟೊಮೇಟೊವನ್ನೂ ಬರೀ ಸಗಣಿ ಗೊಬ್ಬರದಲ್ಲಿ ಬೆಳೆದಿರಬಹುದು. ರಾಣೆಬೆನ್ನೂರು ಸೀಮೆಯೇ ಹೈಬ್ರಿಡ್ ಕಾಯಿಪಲ್ಯ ಬೀಜಕ್ಕೆ ಹೆಸರಾಗಿರುವಾಗ, ಸುತ್ತಲಿನ ಹೊಲದಲ್ಲಿ ಬೆಳೆದ ಮಾತ್ರಕ್ಕೆ ಅದು ಜವಾರಿ ಎನ್ನಲಾಗದು. ಎಲೆಯಲ್ಲಿ ತೂತು ಇದ್ದರೆ ಸಾವಯವ ಎಂಬ ನಂಬಿಕೆಯೂ ಸರಿಯಲ್ಲ. ಹುಳ ತಿಂದ ಮೇಲೆ ಔಷಧ ಹೊಡೆದಿದ್ದರೂ ತೂತು ತೂತೇ.

ಪ್ಯಾಕೆಟ್ ಮಾಲಿನ ಮೇಲೆ ಸಾವಯವ ಆಹಾರದ ಸರ್ಕಾರಿ ಗುರುತಾದ ಜೈವಿಕ ಭಾರತ್ ನೋಡಿರಿ. ರೈತರ ಗುಂಪುಗಳು ಒಬ್ಬರ ಹೊಲವನ್ನು ಒಬ್ಬರು ಪರಿಶೀಲಿಸುವ ಪಿಜಿಎಸ್ ಪದ್ಧತಿಯಲ್ಲಿ ಎರಡು ಗುರುತುಗಳಿವೆ: ‘ಪಿಜಿಎಸ್ ಗ್ರೀನ್’ ಎಂದರೆ ಹೊಲ ಇನ್ನೂ ಬದಲಾಗುವ ಹಂತದಲ್ಲಿದೆ, ‘ಪಿಜಿಎಸ್ ಆರ್ಗ್ಯಾನಿಕ್’ ಎಂದರೆ ಪೂರ್ತಿ ಸಾವಯವ. ಎರಡಕ್ಕೂ ಒಂದೇ ದರ ಕೇಳಿದರೆ ಪ್ರಶ್ನೆ ಮಾಡುವ ಹಕ್ಕು ಕೊಳ್ಳುವವರಿಗಿದೆ. ಸಂತೆಯಲ್ಲಿ ಬಿಡಿ ಮಾರುವ ರೈತರ ಬಳಿ ಯಾವ ಚೀಟಿಯೂ ಇರುವುದಿಲ್ಲ. ಅಲ್ಲಿ ಕೇಳಬೇಕಾದ್ದು “ಸಾವಯವ ಹೌದೇನ್ರಿ?” ಎಂದಲ್ಲ, “ಹುಳ ಬಿದ್ದಾಗ ಏನ್ ಹೊಡೀತೀರಿ? ಗೊಬ್ಬರ ಯಾವುದು ಹಾಕೀರಿ?” ಎಂದು. ನಿಜವಾಗಿ ಮಾಡುವವರು ಬೇವಿನ ಬೀಜದ ಕಷಾಯ, ಜೀವಾಮೃತ, ಹುಳಿ ಮಜ್ಜಿಗೆ ಎಂದು ವಿವರವಾಗಿ ಹೇಳುತ್ತಾರೆ.

ಎಲ್ಲವನ್ನೂ ಸಾವಯವವೇ ಕೊಳ್ಳುವಷ್ಟು ರೊಕ್ಕ ಇಲ್ಲದಿದ್ದರೆ ಆಯ್ಕೆ ಹೀಗಿರಲಿ. ಹಸಿಯಾಗಿ ತಿನ್ನುವ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಕೊತ್ತಂಬರಿ, ಸೌತಿಕಾಯಿ, ಗಜ್ಜರಿ ಮೊದಲು. ಸಿಪ್ಪೆ ಸಮೇತ ಬಳಸುವ ಬದನಿ, ಬೆಂಡಿ, ಹೀರಿ, ಡೊಣ್ಣಮೆಣಸಿನಕಾಯಿ ಎರಡನೆಯದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಸಿಪ್ಪೆ ತೆಗೆಯುವ ಕುಂಬಳಕಾಯಿ ಕೊನೆಗೆ. ಹುಬ್ಬಳ್ಳಿಯ ಜನತಾ ಬಜಾರ್‌ನಲ್ಲಾಗಲಿ ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲಾಗಲಿ ಈ ಕೊನೆಯ ಗುಂಪನ್ನು ಸಾಮಾನ್ಯ ದರಕ್ಕೆ ಕೊಂಡು, ಉಳಿದ ರೊಕ್ಕವನ್ನು ತಪ್ಪಲಪಲ್ಯಕ್ಕೆ ಹಾಕುವುದು ಜಾಣತನ.

ತಪ್ಪಲಪಲ್ಯ: ಬ್ಯಾಳಿಯೋ, ಹಿಟ್ಟೋ, ಹಸಿಯೋ

ತಪ್ಪಲಪಲ್ಯ ಬಂದ ದಿನವೇ ಸೋಸಬೇಕು, ಆದರೆ ತೊಳೆಯಬಾರದು. ತೊಳೆದು ಇಟ್ಟರೆ ಎಲೆಯ ಮಡಿಕೆಯಲ್ಲಿ ನಿಂತ ನೀರಿನಿಂದಲೇ ಕೊಳೆ ಶುರುವಾಗುತ್ತದೆ. ಹಳದಿ ಎಲೆ, ಬೇರು ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಸಡಿಲಾಗಿ ಸುತ್ತಿ ಇಟ್ಟರೆ ಫ್ರಿಜ್ಜಿನಲ್ಲಿ ಮೆಂತೆ, ಪಾಲಕ 3 ದಿನ ತಡೆಯುತ್ತವೆ. ಬಾಡಿದ್ದರೆ ಚೆಲ್ಲುವ ಕಾರಣವಿಲ್ಲ. ಅಡಿಗೆಗೆ ಮುಂಚೆ ತಣ್ಣೀರಿನಲ್ಲಿ 15–20 ನಿಮಿಷ ಮುಳುಗಿಸಿದರೆ ಎಲೆ ನೀರು ಕುಡಿದು ಎದ್ದು ನಿಲ್ಲುತ್ತದೆ. ಲೋಳೆ ಬಂದದ್ದು ಮಾತ್ರ ತಿಪ್ಪೆಗೆ.

ಮಳೆಗಾಲದ ತಪ್ಪಲಿಗೆ ಎರೆ ಮಣ್ಣು ಅಂಟಿರುತ್ತದೆ. ನಲ್ಲಿ ಕೆಳಗೆ ಹಿಡಿದರೆ ಹೋಗುವುದಿಲ್ಲ. ಅಗಲ ಪಾತ್ರೆ ತುಂಬ ನೀರಿನಲ್ಲಿ ಎಲೆ ಮುಳುಗಿಸಿ, ಅಲುಗಾಡಿಸಿ, 5 ನಿಮಿಷ ಬಿಟ್ಟು, ಎಲೆಯನ್ನು ಮೇಲಿಂದ ಎತ್ತಿಕೊಳ್ಳಿರಿ. ನೀರನ್ನು ಬಸಿಯಲು ಹೋದರೆ ತಳದ ಮಣ್ಣು ಮತ್ತೆ ಎಲೆಯ ಮೇಲೆಯೇ ಬೀಳುತ್ತದೆ. ಹೀಗೆ ಮೂರು ಸಲ.

ಈಗ ಆಯ್ಕೆ. ಎಳೆ ಮೆಂತೆ, ಹಕ್ಕರಕಿ, ಎಳೆ ಮೂಲಂಗಿ ತಪ್ಪಲು ಹಸಿಯಾಗಿಯೇ ಚಂದ. ಬಿಸಿ ರೊಟ್ಟಿ, ಗುರೆಳ್ಳು (ಹುಚ್ಚೆಳ್ಳು) ಪುಡಿ, ಗಟ್ಟಿ ಮೊಸರು ಇದ್ದಲ್ಲಿ ಹಕ್ಕರಕಿಯನ್ನು ಬೇಯಿಸುವುದು ಅದಕ್ಕೆ ಮಾಡುವ ಅನ್ಯಾಯ. ಪಚಡಿ ಮಾಡುವುದಾದರೆ ಹೆಚ್ಚಿದ ಎಲೆ 2 ಬಟ್ಟಲಿಗೆ ಶೇಂಗಾ ಪುಡಿ 2 ಚಮಚ, ಹೆಚ್ಚಿದ ಉಳ್ಳಾಗಡ್ಡಿ ಒಂದು, ತಣ್ಣಗಾದ ಒಗ್ಗರಣಿ. ಉಪ್ಪು ಮಾತ್ರ ಊಟಕ್ಕೆ ಕುಳಿತಾಗಲೇ ಬೀಳಬೇಕು. ಉಪ್ಪು ಎಲೆಯ ನೀರನ್ನು ಹೊರಗೆ ಎಳೆಯುತ್ತದೆ. ಕಾಲು ಗಂಟೆಯಲ್ಲಿ ಪಚಡಿ ನೀರಾಗಿ ಎಲೆ ನಾರಾಗುತ್ತದೆ. ಹಾಗಾಗಿ ಪಚಡಿ ಉಳಿಸುವ ಪದಾರ್ಥವಲ್ಲ, ಇದ್ದವರ ಲೆಕ್ಕಕ್ಕೆ ತಕ್ಕಷ್ಟೇ ಮಾಡಿರಿ.

ಬಲಿತ ಮೆಂತೆ, ಸಬ್ಬಸಗಿ, ಮೂಲಂಗಿ ತಪ್ಪಲಿಗೆ ಹಿಟ್ಟಿನ ಪಲ್ಯ ಅಥವಾ ಬ್ಯಾಳಿ ಪಲ್ಯ. ಇವೆರಡರ ನಡುವೆ ಆರಿಸುವುದು ಹೊತ್ತು ಮತ್ತು ಊಟದ ಮೇಲೆ. ಹಿಟ್ಟಿನ ಪಲ್ಯ 15 ನಿಮಿಷದ ಕೆಲಸ, ಡಬ್ಬಿಗೆ ಕಟ್ಟಲು ಸಲೀಸು, ಒಣಗಿರುವುದರಿಂದ ಮರುದಿನಕ್ಕೂ ಬರುತ್ತದೆ. ಬ್ಯಾಳಿ ಪಲ್ಯಕ್ಕೆ ಮುಕ್ಕಾಲು ಗಂಟೆ ಬೇಕು, ಆದರೆ ರೊಟ್ಟಿಗೂ ಅನ್ನಕ್ಕೂ ಒಂದೇ ಪಾತ್ರೆ ಸಾಕು.

ಹಿಟ್ಟಿನ ಪಲ್ಯಕ್ಕೆ ಸೋಸಿದ ಮೆಂತೆ 150 ಗ್ರಾಂ, ಕಡ್ಲಿ ಹಿಟ್ಟು 5 ದೊಡ್ಡ ಚಮಚ, ಎಣ್ಣೆ 3 ದೊಡ್ಡ ಚಮಚ, ಉಳ್ಳಾಗಡ್ಡಿ 1, ಬಳ್ಳೊಳ್ಳಿ 6 ಎಸಳು, ಹಸಿಮೆಣಸಿನಕಾಯಿ 3. ಒಗ್ಗರಣಿಯಲ್ಲಿ ಉಳ್ಳಾಗಡ್ಡಿ ಮೆತ್ತಗಾದ ಮೇಲೆ ತಪ್ಪಲು ಹಾಕಿ, ಮುಚ್ಚದೆ ಬಾಡಿಸಿರಿ. ಎಲೆ ನೀರು ಬಿಟ್ಟು, ಆ ನೀರು ಮುಕ್ಕಾಲು ಇಂಗಿ, ತಳದಲ್ಲಿ ಇನ್ನೂ ಸ್ವಲ್ಪ ಮಿನುಗುವಾಗ ಹಿಟ್ಟು ಉದುರಿಸಿರಿ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ನೀರು ಪೂರ್ತಿ ಇಂಗಿದ ಮೇಲೆ ಹಾಕಿದರೆ ಹಿಟ್ಟು ಬೇಯದೆ ಹಸಿ ವಾಸನೆ ಉಳಿಯುತ್ತದೆ, ತಿನ್ನುವಾಗ ಗಂಟಲಿಗೆ ಹಿಡಿಯುತ್ತದೆ. ನೀರು ಬಹಳ ಇದ್ದಾಗ ಹಾಕಿದರೆ ಗಂಟು ಕಟ್ಟಿ ಮುದ್ದೆಯಾಗುತ್ತದೆ. ಹಿಟ್ಟು ಹಾಕಿದ ಮೇಲೆ ಸಣ್ಣ ಉರಿ, ಮುಚ್ಚಳ, 5 ನಿಮಿಷ. ನಡುವೆ ಒಮ್ಮೆ ಮಾತ್ರ ಕೆದಕಿರಿ. ಒಣಗಿದೆ ಅನ್ನಿಸಿದರೆ ಬಿಸಿ ನೀರು ಚಿಮುಕಿಸಬೇಕು. ಎಣ್ಣೆ ಉಳಿಸಲು ಹೋದರೆ ಈ ಪಲ್ಯ ಉದುರಾಗುವುದಿಲ್ಲ. ಹಿಟ್ಟಿನ ಕಣ ಕಣವನ್ನು ಬಿಡಿಸಿ ಇಡುವುದೇ ಎಣ್ಣೆ.

ಪುಂಡಿಪಲ್ಯದ (ಗೋಂಗುರ ಸೊಪ್ಪಿನ) ಲೆಕ್ಕವೇ ಬೇರೆ, ಅದು ಹುಟ್ಟಾ ಹುಳಿ. ಹುಳಿ ಇದ್ದಲ್ಲಿ ತೊಗರಿ ಬ್ಯಾಳಿ ಮೆತ್ತಗಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಕುದಿಯಲು ಇಟ್ಟು “ಬ್ಯಾಳಿ ಹಳೇದು” ಎಂದು ಅಂಗಡಿಯವರನ್ನು ಬೈಯುವುದು ತಪ್ಪು. ಅರ್ಧ ಬಟ್ಟಲು ಬ್ಯಾಳಿಯನ್ನು ಅರ್ಧ ಗಂಟೆ ನೆನೆಸಿ ಬೇರೆಯೇ ಬೇಯಿಸಿರಿ. ಸೋಸಿದ ಪುಂಡಿ 300 ಗ್ರಾಂ ಮತ್ತು 6 ಹಸಿಮೆಣಸಿನಕಾಯಿಯನ್ನು ಬೇರೆ ಕುದಿಸಿ, ಎಲೆ ಬಲಿತಿದ್ದು ಹುಳಿ ಅತಿಯಾಗಿದ್ದರೆ ಕುದಿಸಿದ ನೀರಿನ ಅರ್ಧ ಬಸಿದು ತೆಗೆಯಿರಿ. ಆಮೇಲೆ ಎರಡನ್ನೂ ಕೂಡಿಸಿ, ಜೋಳದ ನುಚ್ಚು 2 ದೊಡ್ಡ ಚಮಚ ಹಾಕಿ 15 ನಿಮಿಷ ಸಣ್ಣ ಉರಿಯಲ್ಲಿ ಮಗುಚುತ್ತ ಕುದಿಸಿ, ಮೇಲೆ 10–12 ಎಸಳು ಬಳ್ಳೊಳ್ಳಿಯ ಒಗ್ಗರಣಿ. ನುಚ್ಚು ನೀರು ಹೀರಿ ಪಲ್ಯವನ್ನು ಹಿಡಿದಿಡುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ; ಸ್ಟೀಲ್ ಇಲ್ಲವೇ ಮಣ್ಣಿನ ಗಡಗಿ ಇರಲಿ. ತಪ್ಪಲಪಲ್ಯಗಳಲ್ಲೆಲ್ಲ ಹೆಚ್ಚು ದಿನ ಉಳಿಸಿಕೊಳ್ಳಲು ಯೋಗ್ಯವಾದದ್ದು ಇದೊಂದೇ. ಮರುದಿನ ರುಚಿ ಏರುತ್ತದೆ, ಫ್ರಿಜ್ಜಿನಲ್ಲಿ 3 ದಿನಕ್ಕೂ ಕೆಡದು. ವಾರದ ಚೀಲದಲ್ಲಿ ಪುಂಡಿ ಬಂದರೆ ಒಮ್ಮೆಲೇ ಎರಡು ಪಟ್ಟು ಮಾಡಿಕೊಳ್ಳಿರಿ.

ಚಳಿಗಾಲದ ಕಡ್ಲಿ ತಪ್ಪಲಿಗೂ ಹುಳಿ ಇರುತ್ತದೆ, ಆದರೆ ಅದು ಎಲೆಯ ಮೇಲ್ಮೈಯಲ್ಲಿ. ಬಹಳ ತೊಳೆದರೆ ರುಚಿಯೇ ಹೋಯಿತು. ಒಂದು ನೀರು ಸಾಕು, ಹುಣಸಿಹಣ್ಣು ಬೇಡ. ಕುಸುಬಿ ತಪ್ಪಲು ಎಳೆಯದಿದ್ದಾಗ ಮಾತ್ರ ಕೊಳ್ಳಿರಿ. ಮುಳ್ಳು ಕಂಡರೆ ಬಿಡಿರಿ.

ಕಾಯಿ: ತುಂಬುವುದೋ, ಹೆಚ್ಚುವುದೋ

ಎಣ್ಣೆಗಾಯಿ ಎಂದರೆ ಬದನಿಕಾಯಿ ಒಂದೇ ಅಲ್ಲ. ಡೊಣ್ಣಮೆಣಸಿನಕಾಯಿ, ಹೀರಿಕಾಯಿ, ಹಾಗಲಕಾಯಿ, ಎಳೆ ಬೆಂಡಿಗೂ ಅದೇ ಮಸಾಲಿ ನಡೆಯುತ್ತದೆ. ತುಂಬಬೇಕೋ ಹೆಚ್ಚಬೇಕೋ ಎಂಬುದನ್ನು ಕಾಯಿಯ ಗಾತ್ರ, ವಯಸ್ಸು ಹೇಳುತ್ತವೆ. ಹಿಡಿಯಲ್ಲಿ ಮೂರು ಕೂಡುವಷ್ಟು ಸಣ್ಣ, ಬಿಗಿ, ತೊಟ್ಟು ಹಸಿರಾಗಿರುವ ಬದನಿ ಇದ್ದರೆ ತುಂಬಿರಿ. ದೊಡ್ಡದಾಗಿ ಬೀಜ ಕಂದಾಗಿದ್ದರೆ ತುಂಬಿದರೂ ಒಳಗೆ ಮಸಾಲಿ ಇಳಿಯುವುದಿಲ್ಲ, ಕಹಿ ಉಳಿಯುತ್ತದೆ. ಅಂಥದ್ದನ್ನು ಕೆಂಡದ ಮೇಲೆ ಇಲ್ಲವೇ ಗ್ಯಾಸ್ ಉರಿಯ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಬೀಜ ಗಟ್ಟಿಯಾದ ಭಾಗ ತೆಗೆದು, ಹಸಿ ಉಳ್ಳಾಗಡ್ಡಿ, ಮೊಸರಿನೊಂದಿಗೆ ಕಲಸುವುದು ಮೇಲು.

ಅರ್ಧ ಕಿಲೋ, ಅಂದರೆ ಸುಮಾರು 12 ಸಣ್ಣ ಬದನಿಗೆ ಹುರಿದ ಶೇಂಗಾ ಪುಡಿ ಅರ್ಧ ಬಟ್ಟಲು, ಗುರೆಳ್ಳು ಪುಡಿ 2 ದೊಡ್ಡ ಚಮಚ, ತುರಿದ ಒಣಕೊಬ್ಬರಿ 2 ದೊಡ್ಡ ಚಮಚ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ 2, ಮಸಾಲಿ ಖಾರ 2 ಚಮಚ, ಸಣ್ಣ ಲಿಂಬಿಹಣ್ಣಿನಷ್ಟು ಹುಣಸಿಹಣ್ಣಿನ ಗಟ್ಟಿ ರಸ, ಅಡಿಕೆಯಷ್ಟು ಬೆಲ್ಲ, ಎಣ್ಣೆ 6 ದೊಡ್ಡ ಚಮಚ. ಬ್ಯಾಡಗಿ ಮೆಣಸಿನಕಾಯಿಯ ಖಾರ ಹಾಕುವವರು ಇದನ್ನು 3 ಚಮಚಕ್ಕೆ ಏರಿಸಬಹುದು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಮೆಣಸಿನಕಾಯಿಯ ಗುಣವೇ ಬಣ್ಣ ಹೆಚ್ಚು, ಉರಿ ಕಡಿಮೆ. ಗುಂಟೂರು ತಳಿಯ ಪುಡಿಯನ್ನು ಅದೇ ಅಳತೆಯಲ್ಲಿ ಹಾಕಿದರೆ ಬಾಯಿ ಸುಡುತ್ತದೆ, ಅಷ್ಟು ಬಣ್ಣವೂ ಬರುವುದಿಲ್ಲ.

ಕಾಯಿಯನ್ನು ತೊಟ್ಟಿನ ಕಡೆಗೆ ಅರ್ಧ ಇಂಚು ಬಿಟ್ಟು ನಾಲ್ಕಾಗಿ ಸೀಳಿ ಉಪ್ಪು ನೀರಿನಲ್ಲಿ ಹಾಕಿರಿ, ಕಪ್ಪಾಗುವುದಿಲ್ಲ. ಮಸಾಲಿ ತುಂಬಿ, ಕಾದ ಎಣ್ಣೆಯಲ್ಲಿ ಮುಚ್ಚದೆ 6–7 ನಿಮಿಷ ಹೊರಳಿಸಿ, ಸಿಪ್ಪೆ ಸುಕ್ಕಾದ ಮೇಲೆ ಉಳಿದ ಮಸಾಲಿ ಮತ್ತು ಅರ್ಧ ಬಟ್ಟಲು ಕುದಿ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 12–15 ನಿಮಿಷ. ತಣ್ಣೀರು ಸುರಿದರೆ ಕಾಯಿ ಬಿರುಸಾಗಿ ಉಳಿಯುತ್ತದೆ. ಎಣ್ಣೆ ಅಂಚಿಗೆ ಬಿಟ್ಟರೆ ಆಯಿತು. ತಳ ಹಿಡಿಯುವುದು ಶೇಂಗಾ ಪುಡಿಯಿಂದ, ಆದ್ದರಿಂದ ದಪ್ಪ ತಳದ ಬಾಣಲೆ ಇರಲಿ. ಬುತ್ತಿಗೆ ಕಟ್ಟುವುದಾದರೆ ಉಳ್ಳಾಗಡ್ಡಿ ಬಿಡಿರಿ, ನೀರು ಹಾಕದೆ ಎಣ್ಣೆಯಲ್ಲೇ ಬೇಯಿಸಿರಿ. ಉಳ್ಳಾಗಡ್ಡಿಯ ತೇವವೇ ಬೇಗ ಹಳಸಲು ಕಾರಣ.

ಹೀರಿಕಾಯಿಯಲ್ಲಿ ನೀರು ಬಹಳ. ಎಣ್ಣೆಗಾಯಿ ಮಾಡಿದರೆ ನೀರೇ ಹಾಕಬೇಡಿರಿ. ಚವಳಿಕಾಯಿ ಇದಕ್ಕೆ ತದ್ವಿರುದ್ಧ. ನೀರು ಕಡಿಮೆ, ನಾರು ಹೆಚ್ಚು. ಬರೀ ಒಗ್ಗರಣಿಯಲ್ಲಿ ಬಾಡಿಸಿದರೆ ಅಗಿಯಲಾಗದು. ಮೊದಲು ಉಪ್ಪು ಹಾಕಿದ ನೀರಿನಲ್ಲಿ 8 ನಿಮಿಷ ಕುದಿಸಿ ಬಸಿದು, ಆಮೇಲೆ ಶೇಂಗಾ ಪುಡಿ, ಚೂರು ಬೆಲ್ಲದೊಂದಿಗೆ ಪಲ್ಯ. ಬೆಂಡಿಕಾಯಿ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆಯೇ ಹೆಚ್ಚಬೇಕು. ಹೆಚ್ಚಿದ ಮೇಲೆ ನೀರು ತಾಗಿದರೆ ಅಂಟು ನಿಲ್ಲುವುದಿಲ್ಲ. ಆದರೂ ಅಂಟಾದರೆ ಒಂದು ಚಮಚ ಹುಣಸಿ ರಸ ಅಥವಾ ಹುಳಿ ಮೊಸರು ಹಾಕಿ, ಮುಚ್ಚಳ ತೆಗೆದು ಹುರಿಯಿರಿ. ಉಪ್ಪು ಕೊನೆಗೆ.

ಟೊಮೇಟೊ ಎರಡು ಬಗೆ ಬರುತ್ತವೆ. ಜವಾರಿಯದು ರಸ, ಹುಳಿ, ಸಾರಿಗೆ. ಹೈಬ್ರಿಡ್‌ನದು ತೊಳೆ ದಪ್ಪ, ಗೊಜ್ಜಿಗೆ, ಪಲ್ಯಕ್ಕೆ. ಅದಲುಬದಲು ಮಾಡಿದರೆ ಸಾರು ಸಪ್ಪೆ, ಪಲ್ಯ ನೀರು.

ಬ್ಯಾಸಿಗಿಯಲ್ಲಿ ಚೀಲ ಸಣ್ಣದಾದಾಗ ಕಾಯಿಪಲ್ಯದ ಜಾಗಕ್ಕೆ ಕಾಳು ತರುವುದೇ ಸರಿ. ಮಡಿಕೆ ಕಾಳು, ಹೆಸರು ಕಾಳು ಆ ಬಿಸಿಲಿಗೆ ಒಂದೇ ದಿನದಲ್ಲಿ ಮೊಳಕೆ ಬರುತ್ತವೆ. ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಸಂಜೆ ಒಮ್ಮೆ ನೀರು ಚಿಮುಕಿಸಿರಿ. ಮೊಳಕೆ ಕಾಳಿನಷ್ಟೇ ಉದ್ದವಾದಾಗ ನಿಲ್ಲಿಸಿ ಫ್ರಿಜ್ಜಿಗೆ. ಬಟ್ಟೆ ಬಿಚ್ಚಿದಾಗ ಹುಳಿ ನಾತ ಬಂದರೆ, ಮುಟ್ಟಿದಾಗ ಜಾರಿದರೆ ಬಳಸಬೇಡಿರಿ. ಆ ಕಾಲದ ಮೊಳಕೆಯನ್ನು ಹಸಿ ತಿನ್ನುವ ಬದಲು ಉಸುಳಿ ಮಾಡುವುದು ಸುರಕ್ಷಿತ.

ನಿನ್ನೆಯ ಅನ್ನ

ಉಳಿದ ಅನ್ನದ ವಿಷಯದಲ್ಲಿ ರುಚಿಗಿಂತ ಮೊದಲು ಹೊತ್ತಿನ ಲೆಕ್ಕ. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣ ಕುದಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕುಕ್ಕರ್‌ನಲ್ಲೇ ಕುಳಿತರೆ ಅದು ಬೆಳೆದು ವಿಷ ಮಾಡುತ್ತದೆ. ಆ ವಿಷ ಮರುದಿನ ಒಗ್ಗರಣಿ ಕೊಟ್ಟರೂ ಹೋಗುವುದಿಲ್ಲ. ಹಾಗಾಗಿ ರಾತ್ರಿ ಊಟವಾದ ಕೂಡಲೇ ಅನ್ನವನ್ನು ಅಗಲ ತಾಟಿನಲ್ಲಿ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಮುಗಿಸಿರಿ. ಏಪ್ರಿಲ್–ಮೇ ತಿಂಗಳಲ್ಲಿ ರಾತ್ರಿಯೆಲ್ಲ ಹೊರಗೇ ಉಳಿದ ಅನ್ನ, ನಾತ ಬರದಿದ್ದರೂ, ಊಟಕ್ಕೆ ಬೇಡ.

ಫ್ರಿಜ್ಜಿನ ಅನ್ನ ಬಿರುಸಾಗಿರುತ್ತದೆ, ಕಾಳು ಕಾಳು ಬಿಡಿಯಾಗಿರುತ್ತದೆ. ಇದು ಚಿತ್ರಾನ್ನಕ್ಕೆ ವರ, ಮೊಸರನ್ನಕ್ಕೆ ಅಡ್ಡಿ. ಚಿತ್ರಾನ್ನಕ್ಕೆ 3 ಬಟ್ಟಲು ಅನ್ನವನ್ನು ಕೈಯಿಂದ ಬಿಡಿಸಿ, 3 ದೊಡ್ಡ ಚಮಚ ಎಣ್ಣೆಯ ಒಗ್ಗರಣಿಯಲ್ಲಿ ಹಬೆಯಾಡುವವರೆಗೆ ಬಿಸಿ ಮಾಡಿ, ಉರಿ ಆರಿಸಿದ ಮೇಲೆ ಲಿಂಬಿ ಹಿಂಡಿರಿ. ಉರಿಯ ಮೇಲೆ ಹಿಂಡಿದರೆ ಕಹಿ ಬರುತ್ತದೆ. ಮೊಸರನ್ನವೇ ಬೇಕು ಎಂದರೆ 2 ಬಟ್ಟಲು ಅನ್ನಕ್ಕೆ ಕಾಲು ಬಟ್ಟಲು ನೀರು ಚಿಮುಕಿಸಿ, ಮುಚ್ಚಿ, ಚೆನ್ನಾಗಿ ಹಬೆಯಾಡಿಸಿ, ಮುಕ್ಕಾಲು ಬಟ್ಟಲು ಬಿಸಿ ಹಾಲಿನಲ್ಲಿ ಮಿದ್ದು, ಆರಿದ ಮೇಲೆ ಅರ್ಧ ಬಟ್ಟಲು ಮೊಸರು ಕೂಡಿಸಿರಿ. ಮುದ್ದೆಯಾದ ಅನ್ನ ಉಳಿದರೆ ಚಿತ್ರಾನ್ನದ ಆಸೆ ಬಿಟ್ಟು ನೇರ ಮೊಸರನ್ನ, ಇಲ್ಲವೇ ತಾಲಿಪಟ್ಟಿ.

ಎಣ್ಣೆಗಾಯಿಯ ತಳದಲ್ಲಿ ಮಸಾಲಿ ಉಳಿದಿದೆಯೇ? 2 ಬಟ್ಟಲು ಅನ್ನಕ್ಕೆ 3 ದೊಡ್ಡ ಚಮಚ ಮಸಾಲಿ ಹಾಕಿ ಬಿಸಿ ಮಾಡಿ ಕಲಸಿದರೆ ಅದೇ ಒಂದು ಊಟ. ಬೇರೆ ಒಗ್ಗರಣಿ ಬೇಡ.

ನಿನ್ನೆಯ ರೊಟ್ಟಿ

ಜೋಳದ ರೊಟ್ಟಿಯಲ್ಲಿ ಗೋಧಿಯ ಜಿಗುಟು ಇಲ್ಲ. ಬಿಸಿ ನೀರಿಗೆ ಹಿಗ್ಗಿದ ಪಿಷ್ಟವೇ ಅದನ್ನು ಹಿಡಿದಿರುತ್ತದೆ. ಆರಿದಾಗ ಆ ಪಿಷ್ಟ ಮತ್ತೆ ಬಿಗಿಯಾಗುತ್ತದೆ, ರೊಟ್ಟಿ ಚಪ್ಪಲಿಯಂತೆ ಆಗುತ್ತದೆ. ಇದಕ್ಕೆ ಮೂರು ದಾರಿ ಇವೆ, ಮೂರೂ ಒಂದೇ ರೊಟ್ಟಿಗೆ ಹೊಂದುವುದಿಲ್ಲ.

ತೆಳ್ಳಗೆ ಬಡಿದ ರೊಟ್ಟಿ ಉಳಿದಿದ್ದರೆ ಅದೇ ರಾತ್ರಿ ಕಟಕ ಮಾಡಿರಿ. ಸಣ್ಣ ಉರಿಯ ಹಂಚಿನ ಮೇಲೆ ಬಟ್ಟೆಯಿಂದ ಒತ್ತುತ್ತ, ಎರಡೂ ಬದಿ 3–4 ನಿಮಿಷ. ಪೂರ್ತಿ ಆರಿದ ಮೇಲೆ ಬಟ್ಟೆ ಸುತ್ತಿ ಬುಟ್ಟಿಗೆ. ನಡುವೆ ದಪ್ಪ ಇರುವ ರೊಟ್ಟಿಯನ್ನು ಹೀಗೆ ಮಾಡಿದರೆ ಅಂಚು ಒಣಗಿ ನಡು ಹಸಿಯಾಗಿಯೇ ಉಳಿದು ಬೂಸು ಹಿಡಿಯುತ್ತದೆ; ಒಂದರಿಂದ ಇಡೀ ಬುಟ್ಟಿ ಹೋಗುತ್ತದೆ. ಮುರಿದರೆ ಟಕ್ ಎನ್ನಬೇಕು, ಬಾಗಬಾರದು. ಬುಟ್ಟಿಯ ತಳದ ಚೂರುಗಳನ್ನು ಕುಟ್ಟಿ ಇಟ್ಟರೆ ತೆಳುವಾದ ಸಾರು, ನೀರಾದ ಪಲ್ಯ ಗಟ್ಟಿ ಮಾಡಲು ಕಡ್ಲಿ ಹಿಟ್ಟಿಗಿಂತ ಹಗುರ.

ದಪ್ಪ ರೊಟ್ಟಿ ಇದ್ದರೆ ಒಗ್ಗರಣಿ ರೊಟ್ಟಿ. ಮೂರು ರೊಟ್ಟಿಯನ್ನು ರೂಪಾಯಿಯಷ್ಟು ಅಗಲ ಮುರಿದು, ಅರ್ಧ ಬಟ್ಟಲು ತೆಳು ಮಜ್ಜಿಗೆಯನ್ನು ಎಲ್ಲ ಕಡೆ ಚಿಮುಕಿಸಿ 10 ನಿಮಿಷ ಮುಚ್ಚಿಡಿರಿ. 2 ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ; ರೊಟ್ಟಿ ಹಾಕಿ ಮುಚ್ಚಿ 3 ನಿಮಿಷ. ಮಜ್ಜಿಗೆ ಒಂದೇ ಕಡೆ ಸುರಿದರೆ ಅಲ್ಲಿ ಗಂಜಿ, ಮಿಕ್ಕ ಕಡೆ ಕಲ್ಲು.

ಮೂರನೆಯ ದಾರಿ ಮುಟಗಿ, ಅಂದರೆ ಕುಟ್ಟಿದ ರೊಟ್ಟಿಯ ಉಂಡೆ; ಅದು ನಿಜವಾಗಿ ಬಿಸಿ ರೊಟ್ಟಿಯದು. ನಿನ್ನೆಯದರಿಂದ ಮಾಡಲೇಬೇಕಿದ್ದರೆ ರೊಟ್ಟಿಗೆ ನೀರು ಸವರಿ ಹಂಚಿನ ಮೇಲೆ ಮುಚ್ಚಿ ಬಿಸಿ ಮಾಡಿದಾಗ ಬಿಗಿದ ಪಿಷ್ಟ ಸ್ವಲ್ಪ ಹೊತ್ತು ಸಡಿಲಾಗುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ ಒರಳಿನಲ್ಲಿ ಬಳ್ಳೊಳ್ಳಿ, ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿಯೊಂದಿಗೆ ಕುಟ್ಟಿ, ತುಪ್ಪ ಹಾಕಿ ಉಂಡೆ ಕಟ್ಟಬೇಕು. ಆರಿದರೆ ಉಂಡೆ ನಿಲ್ಲುವುದಿಲ್ಲ, ಪುಡಿಯಾಗುತ್ತದೆ.

ಚಪಾತಿ ಉಳಿದರೆ ಇಷ್ಟು ಚಿಂತೆ ಬೇಡ. ಮಕ್ಕಳಿದ್ದ ಮನೆಯಲ್ಲಿ ಕೈಯಿಂದ ಹರಿದು ಮಿಕ್ಸರ್‌ನಲ್ಲಿ ಒಂದು ಸುತ್ತು ತಿರುವಿ, ಬೆಲ್ಲದ ಪುಡಿ, ತುಪ್ಪ, ಏಲಕ್ಕಿ ಕಲಸಿ ಉಂಡೆ ಕಟ್ಟಿರಿ. ದೊಡ್ಡವರಿಗೆ ಅದಕ್ಕೇ ಒಗ್ಗರಣಿ.

ಬ್ಯಾಳಿ, ಪಲ್ಯ ಉಳಿದರೆ

ಗಟ್ಟಿ ಬ್ಯಾಳಿ ಒಂದು ಬಟ್ಟಲು ಉಳಿದರೆ ಅದನ್ನೇ ನೀರಿನ ಬದಲು ಹಾಕಿ ಚಪಾತಿ ಹಿಟ್ಟು ಕಲಸುವುದು ಸರಳ. ಸುಮಾರು 2 ಬಟ್ಟಲು ಗೋಧಿ ಹಿಟ್ಟು ಹಿಡಿಯುತ್ತದೆ. ಉಪ್ಪು ಬ್ಯಾಳಿಯಲ್ಲೇ ಇರುವುದನ್ನು ಮರೆಯಬೇಡಿರಿ. ಕಲಸಿದ ಮೇಲೆ 15 ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಹಿಟ್ಟು ಸಡಿಲಾಗಿ ಲಟ್ಟಿಸಲು ಬಾರದು. ತೆಳು ಸಾರು ಉಳಿದರೆ ಅದನ್ನು ಕುದಿಸಿ, ಚಪಾತಿ ಹಿಟ್ಟಿನ ತೆಳು ತುಂಡುಗಳನ್ನು ಒಂದೊಂದಾಗಿ ಬಿಟ್ಟು 10 ನಿಮಿಷ ಬೇಯಿಸಿ, ಮೇಲೆ ತುಪ್ಪ. ಸಾರು ಕುದಿಯುವ ಮುಂಚೆ ತುಂಡು ಬಿಟ್ಟರೆ ಎಲ್ಲವೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಒಣ ಪಲ್ಯ, ಮುದ್ದೆ ಅನ್ನ, ತುರಿದ ಮೂಲಂಗಿ, ಬಲಿತ ಸೌತಿಕಾಯಿ, ಸೋಸಿ ಉಳಿದ ಕೊತ್ತಂಬರಿ ಕಡ್ಡಿ ಎಲ್ಲವೂ ಕೊನೆಗೆ ಬಂದು ಸೇರುವ ಜಾಗ ತಾಲಿಪಟ್ಟಿ. ಜೋಳದ ಹಿಟ್ಟು 2 ಬಟ್ಟಲು, ಗೋಧಿ ಹಿಟ್ಟು ಅರ್ಧ, ಕಡ್ಲಿ ಹಿಟ್ಟು ಕಾಲು, ಉಳಿದ ಪಲ್ಯ ಒಂದು ಬಟ್ಟಲು, ಹೆಚ್ಚಿದ ಉಳ್ಳಾಗಡ್ಡಿ ಒಂದು, ಜೀರಿಗೆ, ಎಳ್ಳು. ಪಲ್ಯವನ್ನು ಬಿಸಿ ಮಾಡಿಯೇ ಹಿಟ್ಟಿಗೆ ಹಾಕಿರಿ. ಫ್ರಿಜ್ಜಿನಿಂದ ತೆಗೆದು ತಣ್ಣಗೇ ಹಾಕಿದರೆ ಜೋಳದ ಹಿಟ್ಟು ಕೂಡಿಕೊಳ್ಳುವುದಿಲ್ಲ, ತಟ್ಟುವಾಗ ಅಂಚು ಒಡೆಯುತ್ತದೆ. ಮೊದಲು ನೀರಿಲ್ಲದೆ ಕಲಸಿ ನೋಡಿ, ಆಮೇಲೆ ಬಿಸಿ ನೀರನ್ನು ಚಮಚದ ಲೆಕ್ಕದಲ್ಲಿ ಸೇರಿಸಿರಿ. ಸೌತಿಕಾಯಿ, ಮೂಲಂಗಿ ಹಾಕಿದ ಹಿಟ್ಟು ತಾನೇ ನೀರು ಬಿಡುವುದರಿಂದ ಅದಕ್ಕೆ ನೀರೇ ಬೇಕಾಗದು. ಕಲಸಿದ ತಕ್ಷಣ ತಟ್ಟಿರಿ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ, ಕಾದ ಹಂಚಿಗೆ ಹಾಕಿ, ತೂತಿಗೂ ಅಂಚಿಗೂ ಎಣ್ಣೆ. ಆ ತೂತಿನಿಂದ ಹಬೆ ಹೊರಬಿದ್ದು ನಡು ಬೇಯುತ್ತದೆ.

ಹಳೆಯ ಎಣ್ಣೆಗಾಯಿಯನ್ನು ತಾಲಿಪಟ್ಟಿಗೆ ಹಾಕಬೇಡಿರಿ, ಶೇಂಗಾ ಬೇಗ ಸೀದು ಕಹಿಯಾಗುತ್ತದೆ. ಪುಂಡಿಪಲ್ಯ ಹಾಕಬಹುದು, ಆಗ ಹಿಟ್ಟಿಗೆ ಹುಳಿ ಬರುವುದರಿಂದ ಜೊತೆಗೆ ಮೊಸರಿನ ಬದಲು ಬೆಣ್ಣೆ ಇರಲಿ.

ಸಿಪ್ಪೆ, ಕಡ್ಡಿಗಳ ವಿಷಯದಲ್ಲಿ ಮೊದಲು ಹೇಳಿದ ಸಾವಯವದ ಮಾತು ಮತ್ತೆ ಬರುತ್ತದೆ. ಔಷಧ ಹೊಡೆದ ಹೀರಿಕಾಯಿಯ ಸಿಪ್ಪೆಯನ್ನು ಚಟ್ನಿಗೆ ಬಳಸುವ ಧೈರ್ಯ ಬೇಡ. ನಂಬಿಕೆಯ ಮಾಲು ಇದ್ದರೆ, ಎರಡು ಹೀರಿಕಾಯಿಯ ಹೆರೆದ ಸಿಪ್ಪೆಯನ್ನು ಒಂದು ಚಮಚ ಎಣ್ಣೆಯಲ್ಲಿ ಗರಿಗರಿ ಆಗುವವರೆಗೆ ಹುರಿದು, ಹುರಿದ ಶೇಂಗಾ 2 ದೊಡ್ಡ ಚಮಚ, ಹಸಿಮೆಣಸಿನಕಾಯಿ 3, ಬಳ್ಳೊಳ್ಳಿ, ಚೂರು ಹುಣಸಿಹಣ್ಣು, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿರಿ. ಮಿಕ್ಸರ್‌ನಲ್ಲಿ ನೀರು ಹಾಕಿ ಅರೆದರೆ ನಾರು ನಾರಾಗಿ ಬರುತ್ತದೆ, ಒಂದು ದಿನವೂ ತಡೆಯುವುದಿಲ್ಲ. ನೀರಿಲ್ಲದೆ ಕುಟ್ಟಿದ್ದು ಫ್ರಿಜ್ಜಿನಲ್ಲಿ 3 ದಿನ. ಬ್ಯಾಸಿಗಿಯ ಕಲ್ಲಂಗಡಿಯ ಹಸಿರು ತೊಗಟೆ ತೆಗೆದ ಮೇಲೆ ಉಳಿಯುವ ಬಿಳಿ ಭಾಗವನ್ನು ಸೌತಿಕಾಯಿಯಂತೆಯೇ ತುರಿದು ತಾಲಿಪಟ್ಟಿಗೆ ಹಾಕಬಹುದು, ನೀರಿನ ಲೆಕ್ಕವೂ ಅದರದೇ.

ಫ್ರಿಜ್ಜಿನ ಲೆಕ್ಕ ಇಷ್ಟು: ಅನ್ನ 1 ದಿನ, ಹಸಿ ಕೊಬ್ಬರಿ ಹಾಕಿದ ಪಲ್ಯ 1 ದಿನ, ಬ್ಯಾಳಿ ಮತ್ತು ಒಣ ಪಲ್ಯ 2 ದಿನ, ಪುಂಡಿಪಲ್ಯ 3 ದಿನ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಒಳಗೆ ಇಡಬೇಡಿರಿ. ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದು ಬಿಸಿ ಮಾಡಿರಿ. ಕರೆಂಟು ಅರ್ಧ ದಿನ ಹೋಗಿ ಬಂದಿದ್ದರೆ ಅನ್ನ ಮತ್ತು ಬ್ಯಾಳಿಯನ್ನು ದನದ ಕಲಗಚ್ಚಿಗೆ ಹಾಕಿರಿ.